ಮಳೆಗಾಲಕ್ಕೆ ಮುಂಚೆ ಮೊದಲು ನೀರು ನೋಡಿ
ಮೊದಲ ಡೀಸೆಲ್ ಲಾರಿ ತಗೊಂಡಿದ್ದೀರಿ, ಕಾರವಾರ-ಶಿರಸಿ ಓಡಿಸೋಕೆ ಏನು ನೋಡ್ಕೋಬೇಕು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಮೊದಲು ಡೀಸೆಲ್‌ಗೆ ಸೇರುವ ನೀರು. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ವಾಟರ್ ಸಪರೇಟರ್ (ಡೀಸೆಲ್‌ನಿಂದ ನೀರು ಬೇರ್ಪಡಿಸುವ ಫಿಲ್ಟರ್) ತಳದಲ್ಲಿ ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿ, ಕೆಳಗಿನ ತಿರುಪು ಸಡಿಲಿಸಿ, ಬಾಟಲಿಗೆ ಹಿಡಿಯಿರಿ. ನೀರು ಹೋಗಿ ಬರೀ ಡೀಸೆಲ್ ಬರುವ ತನಕ ಬಿಡಿ. ನಮ್ಮ ಕರಾವಳಿಯ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನಲ್ಲೂ ನೀರು ಕಟ್ಟುತ್ತದೆ. ರಾತ್ರಿ ನಿಲ್ಲಿಸುವಾಗ ತುಂಬಿಸಿಡಿ.

ಏರ್ ಬ್ರೇಕ್ ಟ್ಯಾಂಕಿನ ನೀರನ್ನೂ ದಿನಾ ಬಿಡಿ. ದೇವಿಮನೆ ಘಟ್ಟವನ್ನು ಸಣ್ಣ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ನ್ಯೂಟ್ರಲ್ ಅಂತೂ ಬೇಡವೇ ಬೇಡ, ದಯವಿಟ್ಟು.

ಆಯಿಲ್ ಬೇಗ ಕಪ್ಪಾಗೋದು ಡೀಸೆಲ್‌ನಲ್ಲಿ ಸಹಜ, ಗಾಬರಿಯಾಗಬೇಡಿ. ಮಟ್ಟ ನೋಡ್ತಾ ಇರಿ. ಬಂದರಿಗೆ ಹೋಗಿ ಬಂದರೆ ಉಪ್ಪು ಹೋಗುವಂತೆ ಚಾಸಿಗೆ (ಲಾರಿಯ ಅಡಿಚೌಕಟ್ಟಿಗೆ) ಸಿಹಿನೀರು ಹೊಡೆಸಿ.