ನ್ಯೂಕ್ಲಿಯರ್ ಗೇಜ್ ಅನ್ನು ನಾವು ಮಲಗುವ ರೂಮಿನಲ್ಲೇ ಇಡುತ್ತಾರೆ, ಇದರಿಂದ ಏನಾದರೂ ಆಗುತ್ತಾ?

ನೀವು ಬರೆದಿರುವುದು ಇಷ್ಟು: ಡಿಪ್ಲೊಮಾ ಮುಗಿಸಿ ಮಂಡ್ಯ ಹತ್ತಿರದ ಒಂದು ರಸ್ತೆ ಕೆಲಸಕ್ಕೆ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ್ದೀರಿ. ಮಣ್ಣಿನ ಕಂಪಾಕ್ಷನ್, ಅಂದರೆ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡುವ ನ್ಯೂಕ್ಲಿಯರ್ ಗೇಜ್ ತರಬೇತಿ ಇಲ್ಲದೆಯೇ ನಿಮ್ಮ ಕೈಗೆ ಬಂದಿದೆ. ಮೈಸೂರಿನ ಆಫೀಸಿನಿಂದ ಸೈಟಿಗೆ ಅದನ್ನು ಪಿಕಪ್‌ನಲ್ಲಿ ತರಬೇಕು. ರಾತ್ರಿ ಹುಡುಗರೆಲ್ಲ ಮಲಗುವ ರೂಮಿನ ಮೂಲೆಯಲ್ಲೇ ಇಡುತ್ತಾರೆ. ಹೆಂಡತಿ ಬಸುರಿ, ಶನಿವಾರ ಊರಿಗೆ ಹೋದರೆ ನಿಮ್ಮಿಂದ ಅವರಿಗೆ ಏನಾದರೂ ತೊಂದರೆ ಆಗುತ್ತಾ ಅನ್ನೋ ಭಯ.

ನಾನು ಮೈಸೂರು ಭಾಗದಲ್ಲಿ ರಸ್ತೆ ಕೆಲಸಗಳ ಕ್ವಾಲಿಟಿ ನೋಡಿಕೊಳ್ಳುವವನು. ನಮ್ಮಲ್ಲಿರುವ ಗೇಜ್‌ಗಳಿಗೆ ರೇಡಿಯೇಷನ್ ಸೇಫ್ಟಿ ಆಫೀಸರ್ (ಆರ್‌ಎಸ್‌ಒ) ಕೂಡ ನಾನೇ.

ಹೆಂಡತಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮಿಂದ ಅವರಿಗೆ ಏನೂ ಆಗುವುದಿಲ್ಲ. ಗೇಜ್ ಒಳಗಿನ ವಸ್ತು ಸ್ಟೀಲ್ ಕ್ಯಾಪ್ಸೂಲ್‌ನಲ್ಲಿ ಬೆಸುಗೆ ಹಾಕಿ ಮುಚ್ಚಿರುತ್ತದೆ. ಅದರಿಂದ ಕಿರಣ ಹೊರಗೆ ಬರುತ್ತದೆ, ವಸ್ತು ಬರುವುದಿಲ್ಲ. ಬಟ್ಟೆಗೆ ಅಂಟುವುದಿಲ್ಲ, ಮೈಯಲ್ಲಿ ಉಳಿಯುವುದಿಲ್ಲ. ಗೇಜ್‌ನಿಂದ ದೂರ ಬಂದಿರಿ ಅಂದರೆ ಅಲ್ಲಿಗೆ ಮುಗಿಯಿತು. ಧೈರ್ಯವಾಗಿ ಊರಿಗೆ ಹೋಗಿ ಬನ್ನಿ. ಆದರೆ ಗೇಜ್ ಇರುವ ಗಾಡಿಯಲ್ಲಿ ಅವರನ್ನು ಕೂರಿಸಿಕೊಂಡು ಹೋಗಬೇಡಿ.

ಇನ್ನು ಮಲಗುವ ರೂಮು. ಅದು ಖಂಡಿತ ತಪ್ಪು. ಇವತ್ತೇ ಅಲ್ಲಿಂದ ತೆಗೆಸಿ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆಯ ಮೇಲೆ ಹಳದಿ ಲೇಬಲ್ ಇರುತ್ತದೆ, ಅದರಲ್ಲಿ ಟಿಐ ಅಂತ ಒಂದು ಸಂಖ್ಯೆ ಬರೆದಿರುತ್ತದೆ. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ (ಮೈಗೆ ಬೀಳುವ ಕಿರಣದ ಅಳತೆ) ಅನ್ನೋದನ್ನು 100ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಟಿಐ 0.5 ಅಂತ ಇದ್ದರೆ, ಒಂದು ಮೀಟರ್‌ನಲ್ಲಿ ಗಂಟೆಗೆ 0.005 ಮಿಲಿಸೀವರ್ಟ್. ಅಷ್ಟು ದೂರದಲ್ಲಿ ಎಂಟು ಗಂಟೆ ಮಲಗಿದರೆ 0.04. ಹೀಗೆ 25 ರಾತ್ರಿ ಮಲಗಿದರೆ 1 ಮಿಲಿಸೀವರ್ಟ್. ಸಾಮಾನ್ಯ ಜನರಿಗೆ ಇಡೀ ವರ್ಷಕ್ಕೆ ಇರುವ ಮಿತಿಯೇ ಅಷ್ಟು. ತಲೆದಿಂಬಿನ ಪಕ್ಕದಲ್ಲೇ ಪೆಟ್ಟಿಗೆ ಇದ್ದರೆ ಇನ್ನೂ ಜಾಸ್ತಿ. ಇಷ್ಟಕ್ಕೆ ಯಾರೂ ಕಾಯಿಲೆ ಬೀಳುವುದಿಲ್ಲ, ಗಾಬರಿ ಆಗಬೇಡಿ. ಪ್ರಪಂಚದಲ್ಲಿ ಸರಾಸರಿ ಒಬ್ಬ ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ. ಆದರೆ ಯಾವ ಲಾಭವೂ ಇಲ್ಲದೆ, ಆ ರೂಮಿನಲ್ಲಿ ಮಲಗುವ ಅಡುಗೆಯವನು, ಡ್ರೈವರ್ ಎಲ್ಲ ಸುಮ್ನೆ ಯಾಕೆ ಇದನ್ನು ತೆಗೆದುಕೊಳ್ಳಬೇಕು? ಅವರಿಗೆ ಆ ಪೆಟ್ಟಿಗೆಯಲ್ಲಿ ಏನಿದೆ ಅಂತಲೇ ಗೊತ್ತಿರುವುದಿಲ್ಲ.

ಜನ ಓಡಾಡದ, ಬೀಗ ಹಾಕುವ ಪ್ರತ್ಯೇಕ ಕೋಣೆ ಬೇಕು. ಬಾಗಿಲ ಮೇಲೆ ರೇಡಿಯೇಷನ್ ಗುರುತು, ಕೆಳಗೆ ಕನ್ನಡದಲ್ಲೂ ಹಿಂದಿಯಲ್ಲೂ ಎಚ್ಚರಿಕೆ. ಸೈಟಿನಲ್ಲಿ ಅರ್ಧ ಜನ ಬಿಹಾರ, ಒಡಿಶಾದಿಂದ ಬಂದವರು, ಕನ್ನಡದಲ್ಲಿ ಮಾತ್ರ ಬರೆದರೆ ಯಾರಿಗೆ ಗೊತ್ತಾಗಬೇಕು? ಗೋಡೆಯ ಆ ಕಡೆ ಏನಿದೆ ಅಂತಲೂ ನೋಡಿ. ಆ ಕಡೆ ಯಾರಾದರೂ ಮಂಚ ಹಾಕಿಕೊಂಡಿದ್ದರೆ ಈ ಕಡೆ ಬೀಗ ಹಾಕಿ ಏನು ಬಂತು. ಮೂರು ಮೀಟರ್ ದೂರ ಹೋದರೆ ಒಂದು ಮೀಟರ್‌ನಲ್ಲಿ ಇದ್ದುದರ ಒಂಬತ್ತನೇ ಒಂದು ಭಾಗ ಮಾತ್ರ. ದೂರಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಈಗ ಗೇಜ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಿ. ಅದು ಗೊತ್ತಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ನಿಮಗೇ ಹೊಳೆಯುತ್ತದೆ. ಸಾಮಾನ್ಯವಾಗಿ ಎರಡು ಸೋರ್ಸ್, ಅಂದರೆ ಕಿರಣ ಬಿಡುವ ವಸ್ತು ಇರುತ್ತವೆ. ರಾಡ್‌ನ ತುದಿಯಲ್ಲಿ ಸೀಸಿಯಂ-137, ಸುಮಾರು 8 ಮಿಲಿಕ್ಯೂರಿ (ಸೋರ್ಸ್‌ನ ಬಲದ ಅಳತೆ). ರಾಡನ್ನು ಮಣ್ಣಿನ ತೂತಿಗೆ ಇಳಿಸಿದಾಗ ಅದರ ಗಾಮಾ ಕಿರಣ ಮಣ್ಣಿನೊಳಗಿಂದ ಗೇಜ್‌ನ ತಳಕ್ಕೆ ಬರುತ್ತದೆ. ಮಣ್ಣು ಗಟ್ಟಿಯಾಗಿದ್ದಷ್ಟೂ ಕಡಿಮೆ ಬರುತ್ತದೆ, ಅದರಿಂದ ಸಾಂದ್ರತೆ ಗೊತ್ತಾಗುತ್ತದೆ. ಇನ್ನೊಂದು ಅಮೆರಿಸಿಯಂ-241 ಮತ್ತು ಬೆರಿಲಿಯಂ, ಸುಮಾರು 40 ಮಿಲಿಕ್ಯೂರಿ, ಗೇಜ್ ಒಳಗೇ ಕೂತಿರುತ್ತದೆ. ಅದು ನ್ಯೂಟ್ರಾನ್ ಬಿಡುತ್ತದೆ, ಮಣ್ಣಿನ ನೀರಿನಲ್ಲಿರುವ ಹೈಡ್ರೋಜನ್ ಅದನ್ನು ನಿಧಾನ ಮಾಡುತ್ತದೆ, ಅದರಿಂದ ತೇವಾಂಶ ಗೊತ್ತಾಗುತ್ತದೆ. ಸೀಸಿಯಂ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಅಮೆರಿಸಿಯಂಗೆ 432 ವರ್ಷ. ಗೇಜ್ ಕೆಟ್ಟುಹೋದರೂ ಒಳಗಿನದ್ದು ಕೆಡುವುದಿಲ್ಲ ಅನ್ನೋದು ಇದರಿಂದ ಅರ್ಥವಾಗುತ್ತದೆ.

ಸರಿಯಾಗಿ ಬಳಸಿದರೆ ಕೆಲಸದಲ್ಲಿ ಬರುವ ಡೋಸ್ ತುಂಬಾ ಕಡಿಮೆ. ನಮ್ಮ ದೇಶದಲ್ಲಿ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಗೇಜ್ ಹಿಡಿಯುವವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ರಾಡ್ ಇಳಿಸಿ, ಸ್ಟಾರ್ಟ್ ಒತ್ತಿ, ಎರಡು ಮೂರು ಮೀಟರ್ ಹಿಂದೆ ಸರಿದು ನಿಂತುಕೊಳ್ಳಿ. ಒಂದು ನಿಮಿಷದ ಕೆಲಸ. ತೂತು ಮಾಡಲು ಕೊಟ್ಟಿರುವ ಮೊಳೆಯನ್ನೇ ಹೊಡೆಯಿರಿ, ಸೋರ್ಸ್ ರಾಡನ್ನು ಒತ್ತಿ ತೂರಿಸಲು ಹೋಗಬೇಡಿ. ರಾಡ್‌ನ ತುದಿಯನ್ನು ಕೈಯಲ್ಲಿ ಮುಟ್ಟುವುದು, ಬಗ್ಗಿ ನೋಡುವುದು ಯಾವತ್ತೂ ಬೇಡ.

ಒಂದು ಕಡೆ ಮಾತ್ರ ನಿಮ್ಮ ಕಿವಿ ಚುರುಕಾಗಿರಬೇಕು. ರೀಡಿಂಗ್ ಮುಗಿದು ರಾಡ್ ಮೇಲಕ್ಕೆ ಎಳೆದಾಗ ಕೊನೆಗೆ 'ಟಕ್' ಅಂತ ಶಬ್ದ ಬರಬೇಕು. ತಳದಲ್ಲಿರುವ, ಕಿರಣ ತಡೆಯುವ ಟಂಗ್‌ಸ್ಟನ್ ಶಟರ್ ಸರಿದು ಮುಚ್ಚಿತು ಅಂತ ಅರ್ಥ. ನಮ್ಮ ಮಂಡ್ಯದ ಕೆಂಪು ಮಣ್ಣು ಒದ್ದೆಯಾದಾಗ ರಾಡ್‌ಗೆ ಮೆತ್ತಿಕೊಂಡು ಒಳಗೆ ಹೋಗುತ್ತದೆ. ಶಟರ್ ಜಾರುವ ಸಂದಿಯಲ್ಲಿ ಕೂತು ಒಣಗುತ್ತದೆ. ಆಮೇಲೆ ಶಟರ್ ಮುಕ್ಕಾಲು ಭಾಗ ಮುಚ್ಚಿ ಅಲ್ಲೇ ನಿಂತುಬಿಡುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಹಿಡಿಕೆ ಲಾಕ್ ಆಗಿರುತ್ತದೆ, ಪೆಟ್ಟಿಗೆಗೂ ಹಾಕಿಬಿಡುತ್ತೀರಿ. ಕೆಳಗಿನಿಂದ ಮಾತ್ರ ಕಿರಣ ಬರುತ್ತಲೇ ಇರುತ್ತದೆ. ಶಬ್ದ ಸರಿಯಾಗಿ ಬರದಿದ್ದರೆ, ರಾಡ್ ಬಿಗಿಯಾಗಿದೆ ಅನ್ನಿಸಿದರೆ, ಅಲ್ಲಿಗೇ ನಿಲ್ಲಿಸಿ ಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ನೋಡಿ. ಸ್ವಚ್ಛ ಮಾಡುವುದು ತರಬೇತಿ ಆದವರ ಕೆಲಸ. ಅವರೂ ಗೇಜ್ ಮಲಗಿಸಿ, ತಳವನ್ನು ತಮ್ಮಿಂದ ಆಚೆ ತಿರುಗಿಸಿ, ಉದ್ದ ಹಿಡಿಯ ಬ್ರಷ್‌ನಲ್ಲಿ ಮಾಡಬೇಕು.

ಆದರೂ ಗೇಜ್‌ನಿಂದ ಆಗುವ ದೊಡ್ಡ ಅನಾಹುತಗಳು ಶುರುವಾಗುವುದು ಅದನ್ನು ಬಳಸುವಾಗ ಅಲ್ಲ, ಬಿಟ್ಟು ಹೋದಾಗ. ಶ್ರೀರಂಗಪಟ್ಟಣದ ಕಡೆ ಒಂದು ಕೆಲಸದಲ್ಲಿ ನಾನೇ ನೋಡಿದ್ದು. ಹುಡುಗ ಗೇಜ್ ಇಟ್ಟು ರೀಡಿಂಗ್‌ಗೆ ಬಿಟ್ಟ. ಬಿಸಿಲು ಅಂತ ಹೊಂಗೆ ಮರದ ನೆರಳಿಗೆ ಹೋಗಿ ರಿಜಿಸ್ಟರ್ ಬರೆಯುತ್ತಾ ಕೂತ. ರೋಲರ್ ಮುಂದಿನ ಪಟ್ಟಿ ಮುಗಿಸಿ ರಿವರ್ಸ್ ಬರುತ್ತಿತ್ತು. ರೋಲರ್ ಆಪರೇಟರ್‌ಗೆ ಹಿಂದೆ ಮೊಣಕಾಲೆತ್ತರದ ವಸ್ತು ಕಾಣುವುದಿಲ್ಲ. ನೀರು ಹಾಯಿಸುತ್ತಿದ್ದ ಹೆಂಗಸೊಬ್ಬರು "ಏ, ನಿಲ್ಸಪ್ಪೋ!" ಅಂತ ಕೂಗಿದ್ದರಿಂದ ಎರಡು ಮಾರು ಈಚೆ ನಿಂತಿತು. ಆ ಹುಡುಗ ಕೆಟ್ಟವನಲ್ಲ, ಗೇಜ್ ಪಕ್ಕದಲ್ಲೇ ಇರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬೇರೆ ದೇಶಗಳಲ್ಲೂ ಗೇಜ್ ಹಾಳಾಗುವುದು ಹೆಚ್ಚಾಗಿ ಹೀಗೇ, ಸೈಟಿನ ಗಾಡಿ ಹತ್ತಿ. ಹಾಗಾಗಿ ಪೆಟ್ಟಿಗೆಯಿಂದ ಹೊರಗೆ ಬಂದ ಮೇಲೆ ಗೇಜ್ ನಿಮ್ಮ ಕಣ್ಣ ಮುಂದೆಯೇ ಇರಬೇಕು. ಫೋನ್ ಬಂತು, ಟೀ ಬಂತು, ಸಾಹೇಬರು ಕರೆದರು, ಏನೇ ಆದರೂ ಮೊದಲು ಗೇಜ್ ಪೆಟ್ಟಿಗೆಗೆ. ರೀಡಿಂಗ್ ತೆಗೆಯುವ ಮುಂಚೆ ರೋಲರ್, ಟಿಪ್ಪರ್, ಗ್ರೇಡರ್‌ನವರಿಗೆ ಹೇಳಿ ಆ ಪಟ್ಟಿಯಲ್ಲಿ ಓಡಾಟ ನಿಲ್ಲಿಸಿ, ಸುತ್ತ ಕೋನ್ ಇಡಿ.

ಒಂದು ವೇಳೆ ಗಾಡಿ ಹತ್ತಿಬಿಟ್ಟರೆ? ಓಡಿ ಹೋಗಿ ಎತ್ತಬೇಡಿ. ಸುತ್ತ ಕನಿಷ್ಠ 5 ಮೀಟರ್ ಬಿಟ್ಟು ಹಗ್ಗ ಕಟ್ಟಿ, ಜನರನ್ನು ಆಚೆ ಕಳಿಸಿ. ಹತ್ತಿದ ರೋಲರ್ ಅಥವಾ ಟಿಪ್ಪರ್ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು, ಮುಂದೆ ಹೋಗಬಾರದು. ಅದರ ಚಕ್ರಕ್ಕೆ ಏನಾದರೂ ಅಂಟಿದೆಯಾ ಅಂತ ಮೀಟರ್ ಹಿಡಿದು ನೋಡಿದ ಮೇಲೆಯೇ ಬಿಡುವುದು. ತಕ್ಷಣ ನಿಮ್ಮ ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಿ, ಅವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ಎಇಆರ್‌ಬಿಗೆ ತಿಳಿಸಬೇಕು. ಸಾಮಾನ್ಯವಾಗಿ ಹೊರಗಿನ ಕವಚ ಪುಡಿಯಾದರೂ ಕ್ಯಾಪ್ಸೂಲ್ ಒಡೆಯುವುದಿಲ್ಲ. ಅಂಥ ಕ್ಯಾಪ್ಸೂಲನ್ನು 9 ಮೀಟರ್ ಎತ್ತರದಿಂದ ಬೀಳಿಸಿ, 800 ಡಿಗ್ರಿ ಬಿಸಿಯಲ್ಲಿ 10 ನಿಮಿಷ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಆದರೆ ರಾಡ್ ಬಗ್ಗಿ ಸೋರ್ಸ್ ಹೊರಗೆ ಉಳಿದಿರಬಹುದು. ಅದನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಮೈಸೂರಿನಿಂದ ತರುವ ವಿಷಯ. ಪೆಟ್ಟಿಗೆ ಸೇರಿ ಸುಮಾರು 40 ಕೆಜಿ ಇರುತ್ತದೆ. ಗೇಜ್ ಯಾವಾಗಲೂ ಅದರ ಸ್ವಂತ ಪೆಟ್ಟಿಗೆಯಲ್ಲೇ ಬರಬೇಕು. ಹಿಡಿಕೆಗೆ ಒಂದು ಬೀಗ, ಪೆಟ್ಟಿಗೆಗೆ ಒಂದು ಬೀಗ. ಪಿಕಪ್‌ನ ಹಿಂಭಾಗದಲ್ಲಿ, ಡ್ರೈವರ್‌ನಿಂದ ಆದಷ್ಟು ದೂರ ಇಟ್ಟು, ಅಲ್ಲಾಡದ ಹಾಗೆ ಚೈನ್ ಹಾಕಿ ಗಾಡಿಗೇ ಬಿಗಿಯಿರಿ. ಹಿಂದೆ ಕೂಲಿಯವರನ್ನು ಹತ್ತಿಸಬೇಡಿ. ಬೈಕ್, ಆಟೊ, ಬಸ್ಸಿನ ಡಿಕ್ಕಿ ಯಾವುದೂ ಆಗುವುದಿಲ್ಲ. ಕಾಗದಗಳು ಮುಂದೆ, ಡ್ರೈವರ್ ಕೈಗೆ ಸಿಗುವ ಹಾಗೆ ಇರಲಿ: ಒಳಗೆ ಏನಿದೆ ಎಷ್ಟಿದೆ ಅನ್ನೋ ಘೋಷಣೆ, ಅಪಘಾತವಾದರೆ ಏನು ಮಾಡಬೇಕು ಅನ್ನೋ ಟ್ರೆಮ್ ಕಾರ್ಡ್, ಫೋನ್ ನಂಬರ್‌ಗಳು. ಡ್ರೈವರ್‌ಗೆ ಅದನ್ನು ಓದಿ ಹೇಳಿ, ಸುಮ್ನೆ ಕೈಗೆ ಕೊಟ್ಟು ಸಹಿ ಹಾಕಿಸಬೇಡಿ. ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದರೆ ಒಬ್ಬರು ಗಾಡಿ ಹತ್ತಿರವೇ ಇರಬೇಕು. ದಸರಾ ಸಮಯದಲ್ಲಿ ಮೈಸೂರು ಪೇಟೆಯೊಳಗೆ ನುಗ್ಗದೆ ರಿಂಗ್ ರೋಡ್ ಹಿಡಿದು ಬನ್ನಿ.

ಇಷ್ಟೆಲ್ಲ ಯಾಕೆ ಅನ್ನಬೇಡಿ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯ ಡೆನ್ಸಿಟಿ ಗೇಜ್ ಒಂದನ್ನು ಪರ್ತ್ ನಗರಕ್ಕೆ ಲಾರಿಯಲ್ಲಿ ಕಳಿಸಿದರು. ಅಲುಗಾಟಕ್ಕೆ ಗೇಜ್ ಬಿಚ್ಚಿಕೊಂಡು, 8 ಮಿಲಿಮೀಟರ್ ಉದ್ದದ ಸೀಸಿಯಂ ಕ್ಯಾಪ್ಸೂಲ್ ದಾರಿಯಲ್ಲಿ ಉದುರಿಹೋಯಿತು. 1,400 ಕಿಲೋಮೀಟರ್ ದಾರಿಯಲ್ಲಿ ಹುಡುಕಿ ಫೆಬ್ರವರಿ 1ಕ್ಕೆ ಸಿಕ್ಕಿತು. ಅದು ಜನರಿಲ್ಲದ ಸೀಮೆ. ನಮ್ಮಲ್ಲಿ ರಸ್ತೆ ಬದಿಯಲ್ಲಿ ಹೊಳೆಯುವ ಸ್ಟೀಲ್ ತುಂಡು ಎಷ್ಟು ಹೊತ್ತು ಬಿದ್ದಿರುತ್ತದೆ ಹೇಳಿ? ಯಾವುದಾದರೂ ಮಗು ಎತ್ತಿಕೊಳ್ಳುತ್ತದೆ, ಇಲ್ಲ ಗುಜರಿಗೆ ಹೋಗುತ್ತದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹಳೆಯ ಯಂತ್ರದ ಕೋಬಾಲ್ಟ್-60 ಬಂದು ಒಬ್ಬ ಕೆಲಸಗಾರ ಸತ್ತ, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಗೇಜ್‌ನ ಸೋರ್ಸ್ ಅದಕ್ಕಿಂತ ಬಹಳ ಚಿಕ್ಕದು, ಆದರೆ ಒಡೆದು ಕೈಗೆ ಸಿಕ್ಕರೆ ಅದೂ ಅಪಾಯವೇ. ಕೆಟ್ಟ ಗೇಜನ್ನು ಯಾರಾದರೂ ಹಳೆ ಕಬ್ಬಿಣದ ಜೊತೆ ಹಾಕಲು ಹೊರಟರೆ ಅಡ್ಡ ನಿಲ್ಲಿ. ಅದು ತಯಾರಕರಿಗೆ ವಾಪಸ್ ಹೋಗಬೇಕು, ಇಲ್ಲವೇ ಎಇಆರ್‌ಬಿ ಒಪ್ಪಿದ ಜಾಗಕ್ಕೆ.

ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿದ್ದಾರಾ ಅಂತ ನೀವು ಬರೆದಿಲ್ಲ. ಕೊಟ್ಟಿರದಿದ್ದರೆ ಕೇಳಿ ತೆಗೆದುಕೊಳ್ಳಿ. ನಿಮ್ಮ ಹೆಸರಿನದ್ದೇ ಆಗಬೇಕು, ಎದೆಯ ಮೇಲೆ ಹಾಕಬೇಕು, ಮೂರು ತಿಂಗಳಿಗೊಮ್ಮೆ ಓದಲು ಕಳಿಸಬೇಕು. ಅದು ಕಿರಣ ತಡೆಯುವುದಿಲ್ಲ, ಎಷ್ಟು ಬಿತ್ತು ಅಂತ ಲೆಕ್ಕ ಇಡುತ್ತದೆ ಅಷ್ಟೇ. ಗೇಜ್ ಪೆಟ್ಟಿಗೆಯೊಳಗೆ ಬ್ಯಾಡ್ಜ್ ಬಿಟ್ಟು ಹೋದರೆ ಲೆಕ್ಕವೆಲ್ಲ ಕೆಡುತ್ತದೆ.

ಇನ್ನೊಂದು ಮಾತು. ಸೇರಿದ ತಕ್ಷಣ ತರಬೇತಿ ಇಲ್ಲದೆ ಗೇಜ್ ಕೈಗೆ ಕೊಟ್ಟಿದ್ದಾರೆ, ಮಲಗುವ ರೂಮಿನಲ್ಲಿ ಇಡುತ್ತಾರೆ ಅಂದರೆ ಕಾಗದಪತ್ರವೂ ಸರಿ ಇದೆಯಾ ಅಂತ ನನಗೆ ಅನುಮಾನ. ನಿಮ್ಮ ಸೈಟ್ ಎಂಜಿನಿಯರ್ ಹತ್ತಿರ ಕೂತು ಸಮಾಧಾನವಾಗಿ ಕೇಳಿ: "ಸರ್, ಎಇಆರ್‌ಬಿ ಅನುಮತಿ ಯಾರ ಹೆಸರಲ್ಲಿದೆ? ನಮ್ಮ ಆರ್‌ಎಸ್‌ಒ ಯಾರು, ಅವರ ನಂಬರ್ ಕೊಡಿ. ನನಗೆ ಟ್ರೈನಿಂಗ್ ಯಾವಾಗ?" ಅನುಮತಿಯೆಲ್ಲ ಎಇಆರ್‌ಬಿಯ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೇ ಆಗುವುದರಿಂದ ಇದ್ದರೆ ತೋರಿಸಲು ಐದು ನಿಮಿಷ ಸಾಕು. ಹೊಸಬ ಹೀಗೆ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡಿ, ಇದು ಕೇಳಲೇಬೇಕಾದ ಪ್ರಶ್ನೆ.

ಉತ್ತರ ಸಿಗುವವರೆಗೆ ಗೇಜ್ ಬಳಸಬೇಡಿ, ಅದಕ್ಕಾಗಿ ಕೆಲಸ ನಿಲ್ಲಬೇಕಾಗಿಲ್ಲ. ಗುಂಡಿ ತೆಗೆದು ಮರಳು ತುಂಬಿ ಸಾಂದ್ರತೆ ನೋಡುವ ಸ್ಯಾಂಡ್ ರೀಪ್ಲೇಸ್‌ಮೆಂಟ್ ಮಾಡಿ, ಮಣ್ಣಿನ ಪರೀಕ್ಷೆಗಿರುವ ಭಾರತೀಯ ಮಾನಕ ಐಎಸ್ 2720ರ 28ನೇ ಭಾಗದಲ್ಲಿ ವಿಧಾನ ಇದೆ. ಜಲ್ಲಿ ಇಲ್ಲದ ಮೆತ್ತನೆ ಮಣ್ಣಾದರೆ ಕೊಳವೆ ಹೊಡೆದು ಮಣ್ಣು ತೆಗೆಯುವ ಕೋರ್ ಕಟರ್, ಅದು 29ನೇ ಭಾಗ. ಲ್ಯಾಬ್‌ನಲ್ಲಿ ಬಂದ ಗರಿಷ್ಠ ಸಾಂದ್ರತೆಯಲ್ಲಿ ಏರಿಗೆ 95, ಅದರ ಮೇಲಿನ ಸಬ್‌ಗ್ರೇಡ್ ಪದರಕ್ಕೆ 97 ಪರ್ಸೆಂಟ್ ಬಂತಾ ಅನ್ನೋದಕ್ಕೆ ಈ ಎರಡೂ ಸಾಕು. ಒಂದು ಪಾಯಿಂಟ್‌ಗೆ ಹೊತ್ತು ಜಾಸ್ತಿ ಹಿಡಿಯುತ್ತದೆ ನಿಜ, ಅದಕ್ಕೆ ಬೆಳಿಗ್ಗೆ ಬೇಗ ಶುರು ಮಾಡಿ. ಆ ಲೆಕ್ಕವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಗೇಜ್ ಮತ್ತೆ ಕೈಗೆ ಬಂದಾಗ ಅದರ ರೀಡಿಂಗ್ ತಾಳೆ ನೋಡಲು ನಿಮಗೆ ಅದೇ ಬೇಕಾಗುತ್ತದೆ.