ಎಂಟು ತಿಂಗಳಿಂದ ಅದೇ ಎರಡು ಪೀಸ್: ದಿನಕ್ಕೆ 40 ನಿಮಿಷದ ಪಿಯಾನೊ ಅಭ್ಯಾಸ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ಕೆಲಸ ಮುಗಿಸಿ ಬಂದು ಈಗ ಬರೆಯುತ್ತಿದ್ದೇನೆ. ಉತ್ತರ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ನೀವು ಹೇಳಿದ್ದು ಇಷ್ಟು. ವಯಸ್ಸು 41. ಕಲಿಯಲು ಶುರು ಮಾಡಿ ಎರಡೂವರೆ ವರ್ಷ, ಪಿಯಾನೊ ಪರೀಕ್ಷೆಯ ಮೂರನೇ ಗ್ರೇಡ್ ಆಗಿದೆ. ದಿನಕ್ಕೆ 40 ನಿಮಿಷ ಸಿಗುತ್ತದೆ. ಎಂಟು ತಿಂಗಳಿಂದ ಬೇತೋವನ್‌ನ ‘ಫ್ಯೂರ್ ಎಲೀಸ್’ ಮತ್ತು ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ, ಇವೆರಡೇ. ಎರಡೂ ಪೂರ್ತಿ ಬರುತ್ತಿಲ್ಲ, ದಿನಾ ಅದೇ ಜಾಗದಲ್ಲಿ ಎಡವುತ್ತೀರಿ. ಮನೆಯಲ್ಲಿ ‘ಈ ವಯಸ್ಸಲ್ಲಿ ಯಾಕೆ, ಅದೂ ನಮ್ಮದಲ್ಲದ ಸಂಗೀತ’ ಅಂತಾರೆ.

ಮೊದಲು ಒಂದು ಲೆಕ್ಕ ಹಾಕಿ. ಫ್ಯೂರ್ ಎಲೀಸ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಆ ಮುಖ್ಯ ಭಾಗ ಮೂರು ಸಲ ಬರುತ್ತದೆ. ನಡುವೆ ಎರಡು ಬೇರೆ ಭಾಗ. ಒಂದು ಎಫ್ ಮೇಜರ್‌ನಲ್ಲಿ ಶುರುವಾಗಿ ಬಲಗೈ ಸರಸರ ಓಡುವುದು. ಇನ್ನೊಂದು ಎಡಗೈಯಲ್ಲಿ ಎ ಸ್ವರ ಬಡಿಯುತ್ತಲೇ ಇರುವುದು. ನೀವು ದಿನಾ ಮೊದಲಿಂದ ಶುರು ಮಾಡುತ್ತೀರಿ, ಎಡವುತ್ತೀರಿ, ಮತ್ತೆ ಮೊದಲಿಂದ. ಹೀಗಾದರೆ ಮುಖ್ಯ ಭಾಗಕ್ಕೆ ದಿನಕ್ಕೆ ಹತ್ತಿಪ್ಪತ್ತು ಸಲ ಅಭ್ಯಾಸ ಆಗುತ್ತದೆ. ಎಡವುವ ಜಾಗಕ್ಕೆ ಎರಡೋ ಮೂರೋ ಸಲ, ಅದೂ ತಪ್ಪಾಗಿ. ಎಂಟು ತಿಂಗಳಲ್ಲಿ ನೀವು ಆ ತಪ್ಪನ್ನೇ ಚೆನ್ನಾಗಿ ಕಲಿತಿದ್ದೀರಿ. ನಿಮ್ಮ ಬೆರಳಿನ ದೋಷ ಅಲ್ಲ ಸರ್. ನಾನೂ 34ನೇ ವಯಸ್ಸಲ್ಲಿ ಶುರು ಮಾಡಿದವಳು, ಮೊದಲ ಎರಡು ವರ್ಷ ಹೀಗೇ ಕಳೆದೆ.

ನಾಳೆಯಿಂದ ಪಿಯಾನೊ ಮುಂದೆ ಕೂತ ತಕ್ಷಣ ಎಡವುವ ಬಾರ್‌ಗಳನ್ನೇ (ನೋಟ್ಸ್‌ನಲ್ಲಿ ಎರಡು ಗೆರೆಗಳ ನಡುವಿನ ಒಂದೊಂದು ತುಂಡು) ತೆಗೆಯಿರಿ. ತಲೆ ಚುರುಕಾಗಿರುವ ಮೊದಲ ಹತ್ತು ನಿಮಿಷ ಅದಕ್ಕೇ ಇರಲಿ. ಎರಡು ಬಾರ್ ಸಾಕು. ಎ ಬಡಿಯುವ ಭಾಗದ ಕೊನೆಗೆ ಬಲಗೈ ಮೇಲಿನಿಂದ ಕೆಳಕ್ಕೆ ಕ್ರೋಮ್ಯಾಟಿಕ್ ಸ್ಕೇಲ್‌ನಲ್ಲಿ, ಅಂದರೆ ಕಪ್ಪು ಬಿಳಿ ಒಂದನ್ನೂ ಬಿಡದೆ, ಇಳಿಯುತ್ತದಲ್ಲ, ಬಹಳ ಜನ ಬೀಳುವುದು ಅಲ್ಲೇ. ಅಲ್ಲಿ ಫಿಂಗರಿಂಗ್, ಅಂದರೆ ಯಾವ ಸ್ವರಕ್ಕೆ ಯಾವ ಬೆರಳು ಅನ್ನುವುದು, ದಿನಕ್ಕೊಂದು ಥರ ಆಗುತ್ತಿದ್ದರೆ ಯಾವತ್ತೂ ಬರುವುದಿಲ್ಲ. ಕಪ್ಪು ಕೀಗೆ ಮೂರನೇ ಬೆರಳು, ಬಿಳಿ ಕೀಗೆ ಹೆಬ್ಬೆರಳು. ಎರಡು ಬಿಳಿ ಒಟ್ಟೊಟ್ಟಿಗೆ ಬರುವಲ್ಲಿ, ಅಂದರೆ ಎಫ್-ಇ ಮತ್ತು ಸಿ-ಬಿ ಇರುವಲ್ಲಿ, ಎಫ್‌ಗೂ ಸಿಗೂ ಎರಡನೇ ಬೆರಳು. ಇದನ್ನು ಪೆನ್ಸಿಲ್‌ನಲ್ಲಿ ಹಾಳೆಯ ಮೇಲೆ ಬರೆದುಬಿಡಿ, ಮತ್ತೆ ಬದಲಾಯಿಸಬೇಡಿ.

ವೇಗದ ವಿಷಯ. ಮೆಟ್ರೋನೋಮ್ (ಒಂದೇ ಸಮ ಟಕ್ ಟಕ್ ಅಂತ ಲಯ ಕೊಡುವ ಸಾಧನ) ಅನ್ನು ತಪ್ಪೇ ಆಗದಷ್ಟು ಕೆಳಗೆ ಇಳಿಸಿ. 50 ಜಾಸ್ತಿ ಅನ್ನಿಸಿದರೆ 40. ನಾನು ಐದು ಹುಣಸೆ ಬೀಜ ಇಟ್ಟುಕೊಳ್ಳುತ್ತೇನೆ. ಒಂದು ಸಲ ಸರಿ ಬಂದರೆ ಒಂದು ಬೀಜ ಎಡದಿಂದ ಬಲಕ್ಕೆ. ನಡುವೆ ತಪ್ಪಿದರೆ ಐದೂ ವಾಪಸ್ ಎಡಕ್ಕೆ. ಐದೂ ಬಲಕ್ಕೆ ಬಂದರೆ ಮೆಟ್ರೋನೋಮ್ ನಾಲ್ಕು ಅಂಕ ಮೇಲೆ. ನಾಲ್ಕನೇ ಬೀಜದ ಹೊತ್ತಿಗೆ ಎದೆ ಸ್ವಲ್ಪ ಡವಗುಟ್ಟುತ್ತದೆ, ಯಾರಾದರೂ ಎದುರು ಕೂತು ಕೇಳುತ್ತಿದ್ದಂತೆ. ಆ ಅಭ್ಯಾಸವೂ ಬೇಕು.

ಇನ್ನೊಂದು, ಹಿಂದಿನಿಂದ ಮುಂದಕ್ಕೆ ಕಲಿಯುವುದು. ಕೊನೆಯ ಬಾರ್ ಮೊದಲು, ಆಮೇಲೆ ಅದರ ಹಿಂದಿನದು ಸೇರಿಸಿ ಎರಡು, ಆಮೇಲೆ ಮೂರು. ಹೀಗೆ ಕಲಿತರೆ ನುಡಿಸುತ್ತ ಹೋದಂತೆ ಗೊತ್ತಿರುವ ಕಡೆಗೇ ಹೋಗುತ್ತಿರುತ್ತೀರಿ. ಮೊದಲಿಂದ ಕಲಿತರೆ ಪ್ರತಿ ಹೆಜ್ಜೆಗೂ ಗೊತ್ತಿಲ್ಲದ ಕಡೆಗೆ.

40 ನಿಮಿಷ ಒಟ್ಟಿಗೆ ಕೂರಲೇಬೇಕು ಅಂತ ಇಲ್ಲ. ಬೆಳಿಗ್ಗೆ 20, ರಾತ್ರಿ 20 ಆದರೆ ನನಗೆ ಹೆಚ್ಚು ಹಿಡಿಯುತ್ತದೆ. ರಾತ್ರಿ ಕೈಗೆ ಬಾರದ ಬಾರ್ ಬೆಳಿಗ್ಗೆ ತಾನಾಗಿ ಬಂದಿದ್ದು ಎಷ್ಟೋ ಸಲ ಇದೆ. ಬೆಳಿಗ್ಗೆ ಕಷ್ಟದ ಬಾರ್‌ಗಳು, ಒಂದೇ ಒಂದು ಸ್ಕೇಲ್ ಎರಡು ಕೈಯಲ್ಲಿ. ಎಲ್ಲ ಸ್ಕೇಲ್ ದಿನಾ ಬೇಡ, ಆ ವಾರ ನುಡಿಸುವ ಪೀಸ್ ಯಾವ ಸ್ಕೇಲ್‌ನಲ್ಲಿದೆಯೋ ಅದು ಸಾಕು. ರಾತ್ರಿ ಹೊಸ ಪೀಸ್, ಕೊನೆಗೆ ಐದು ನಿಮಿಷ ಸೈಟ್ ರೀಡಿಂಗ್, ಅಂದರೆ ಹಿಂದೆ ನೋಡಿರದ ನೋಟ್ಸ್ ನೋಡುತ್ತಲೇ ನುಡಿಸುವುದು. ಸೈಟ್ ರೀಡಿಂಗ್‌ಗೆ ಬಾರ್ಟೋಕ್‌ನ ‘ಮಿಕ್ರೊಕಾಸ್ಮಾಸ್’ ತಗೊಳ್ಳಿ. ಆರು ಸಂಪುಟ, 153 ಪುಟ್ಟ ಪೀಸ್, ಮೊದಲನೆಯದು ತೀರಾ ಸುಲಭ. ದಿನಕ್ಕೊಂದು ಓದಿ, ನುಡಿಸಿ, ಮುಂದೆ ಹೋಗಿ. ತಪ್ಪಾದರೂ ನಿಲ್ಲಬೇಡಿ. ನೋಟ್ಸ್ ಬೇಗ ಓದಲು ಬಂದರೆ ಹೊಸ ಪೀಸ್‌ಗೆ ತಿಂಗಳುಗಟ್ಟಲೆ ಹಿಡಿಯುವುದಿಲ್ಲ. ವಯಸ್ಸಾದ ಮೇಲೆ ಕಲಿತವರು ಇದನ್ನೇ ಬಿಟ್ಟುಬಿಡುತ್ತೇವೆ.

ಈಗ ಮುಖ್ಯ ವಿಷಯ, ಪೀಸ್ ಆರಿಸುವುದು. ನಾನು ಚಿಕ್ಕಂದಿನಲ್ಲಿ ಹಾಡುಗಾರಿಕೆ ಕಲಿತಿದ್ದೆ. ಸರಳೆ, ಜಂಟಿ, ಅಲಂಕಾರ, ಗೀತೆ ಅಂತ ಮೆಟ್ಟಿಲು ಇತ್ತು. ಗೀತೆ ಹೇಳುವ ಹುಡುಗಿ ನೇರ ದೊಡ್ಡ ಕೃತಿಗೆ ಕೈ ಹಾಕಿದರೆ ಮೇಷ್ಟ್ರು ಬಿಡುತ್ತಿರಲಿಲ್ಲ. ಪಿಯಾನೊಗೆ ಬಂದಾಗ ಮಾತ್ರ ನಾವು ದೊಡ್ಡವರು ಕೇಳಿ ಇಷ್ಟಪಟ್ಟ ಪೀಸ್‌ಗೇ ನೇರ ಹೋಗುತ್ತೇವೆ. ನನ್ನ ಮಾತು ಇಷ್ಟೇ: ಒಂದೂವರೆ ತಿಂಗಳಲ್ಲಿ ಮುಗಿಯುವ ಪೀಸ್ ತಗೊಳ್ಳಿ. ಮುಗಿಸಿ. ಇನ್ನೊಂದು ತಗೊಳ್ಳಿ. ವರ್ಷಕ್ಕೆ ಆರೇಳು ಪೀಸ್ ಮುಗಿಸಿದ ಕೈ, ಒಂದೇ ಪೀಸ್ ಜೊತೆ ವರ್ಷ ಕಾದಾಡಿದ ಕೈಗಿಂತ ಮುಂದೆ ಹೋಗಿರುತ್ತದೆ. ಇದನ್ನು ನನ್ನ ಕೈಯಲ್ಲೇ ನೋಡಿದ್ದೇನೆ.

ಮೂನ್‌ಲೈಟ್ ಅನ್ನು ಒಂದು ವರ್ಷ ಮುಚ್ಚಿಡಿ ಸರ್. ಬೇಜಾರಾಗುತ್ತದೆ, ಗೊತ್ತು. ನಿಧಾನವಾಗಿದೆ ಅಂತ ಸುಲಭ ಅಂದುಕೊಳ್ಳುತ್ತೇವೆ, ಅಲ್ವಾ? ಅದರಲ್ಲಿ ಬಲಗೈ ಎರಡು ಕೆಲಸ ಮಾಡಬೇಕು. ಕಿರುಬೆರಳು ರಾಗವನ್ನು ಎತ್ತಿ ಹಾಡಬೇಕು, ಉಳಿದ ಬೆರಳುಗಳು ಮೂರು-ಮೂರು ಸ್ವರವನ್ನು ಮೆಲ್ಲಗೆ ನುಡಿಸುತ್ತಿರಬೇಕು. ಒಂದೆರಡು ಕಡೆ ಆಕ್ಟೇವ್‌ಗಿಂತ (ಒಂದು ಸ್ವರದಿಂದ ಮೇಲಿನ ಅದೇ ಸ್ವರದವರೆಗಿನ ಅಂತರ) ಒಂದು ಸ್ವರ ಆಚೆಗೆ ಕೈ ಚಾಚಬೇಕು. ಇದು ಬರದೆ ನುಡಿಸಿದರೆ ರಾಗ ಮುಳುಗಿ ಹೋಗುತ್ತದೆ.

ಆ ಕೆಲಸವನ್ನೇ ಸಣ್ಣದಾಗಿ ಕಲಿಸುವ ಪೀಸ್‌ಗಳಿವೆ. ಗ್ರೀಗ್‌ನ ‘ಅರಿಯೆಟ್ಟಾ’ ನೋಡಿ, ಓಪಸ್ (ಕೃತಿ ಸಂಖ್ಯೆ) 12ರ ಮೊದಲನೆಯದು, ಬರೀ 23 ಬಾರ್. ಮೇಲೆ ರಾಗ, ಕೆಳಗೆ ಬೇಸ್, ನಡುವಿನ ಅಲೆ ಎರಡು ಕೈಗೂ ಹಂಚಿಹೋಗಿದೆ. ಅವನ ‘ಲಿರಿಕ್ ಪೀಸಸ್’ 66 ಇವೆ, ಅವುಗಳಲ್ಲಿ ಮೊದಲನೆಯದೇ ಇದು. 1901ರಲ್ಲಿ ಕೊನೆಯ ಪೀಸ್ ಬರೆಯುವಾಗ ಗ್ರೀಗ್ ಇದೇ ರಾಗಕ್ಕೆ ವಾಪಸ್ ಬಂದು ಅದನ್ನು ವಾಲ್ಟ್ಸ್ ಮಾಡಿದ. ಅದನ್ನು ತಿಳಿದುಕೊಂಡು ನುಡಿಸಿದಾಗ ನನಗೆ ಆ ಪುಟ್ಟ ಪೀಸ್ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಯಿತು. ಜೊತೆಗೆ ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್, 1722ರ ‘ವೆಲ್-ಟೆಂಪರ್ಡ್ ಕ್ಲೇವಿಯರ್’ನ ಮೊದಲ ಪೀಸ್. ಕಾರ್ಡ್ (ಒಟ್ಟಿಗೆ ಸೇರುವ ಸ್ವರಗಳ ಗುಂಪು) ಬಿಡಿಸಿ ನುಡಿಸುವುದಷ್ಟೇ. ಕೈ ಸಡಿಲ ಇಟ್ಟು ಒಂದೇ ಸಮ ನುಡಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದ ಓಪಸ್ 68ರಲ್ಲಿ 43 ಪೀಸ್ ಇವೆ. ಅದರಲ್ಲಿ 10ನೆಯದು, ಹೊಲದ ಕೆಲಸ ಮುಗಿಸಿ ಖುಷಿಯಾಗಿ ಬರುವ ರೈತನದ್ದು. ರಾಗ ಎಡಗೈಯಲ್ಲಿದೆ. ನಮ್ಮ ಎಡಗೈ ಯಾವಾಗಲೂ ಹಿಂದೆ ಉಳಿಯುವುದರಿಂದ ಇದು ಬೇಕೇ ಬೇಕು. ಬರ್ಗ್‌ಮುಲ್ಲರ್‌ನ ಓಪಸ್ 100, ಸುಲಭ ಅಭ್ಯಾಸದ ಪೀಸ್‌ಗಳು, ಸಹ ನಿಮ್ಮ ಹಂತಕ್ಕೆ ಸರಿ. ಶೋಪ್ಯಾನ್ ಬೇಕೇ ಬೇಕು ಅಂದರೆ ಓಪಸ್ 28ರ 7ನೇ ಪ್ರಿಲ್ಯೂಡ್ ಇದೆ, 16 ಬಾರ್ ಮಾತ್ರ. ಆಮೇಲೆ 4ನೆಯದು, ಇ ಮೈನರ್. ಇವು ಮಕ್ಕಳ ಆಟದ ಪೀಸ್‌ಗಳು ಅನ್ನಿಸಿದರೆ ಒಮ್ಮೆ ನಿಧಾನವಾಗಿ, ಎಡಗೈ ಕಾರ್ಡ್‌ಗಳು ಎಲ್ಲೂ ದಡಕ್ ಅನ್ನದ ಹಾಗೆ ಆ 4ನೆಯದನ್ನು ನುಡಿಸಿ ನೋಡಿ.

ವರ್ಷದ ಕೊನೆಗೆ ಬಾಖ್‌ನ ಎರಡು ದನಿಯ ಇನ್ವೆನ್ಷನ್‌ಗಳು, ಅಂದರೆ ಎರಡು ಕೈಯೂ ಬೇರೆ ಬೇರೆ ರಾಗ ನುಡಿಸುವ ಪುಟ್ಟ ಪೀಸ್‌ಗಳು. ಒಟ್ಟು 15. 1723ರ ಪ್ರತಿಯಲ್ಲಿ ಅವನು ಇವನ್ನು ಕ್ಲೇವಿಯರ್ (ಆಗಿನ ಕೀಬೋರ್ಡ್ ವಾದ್ಯ) ಪ್ರೀತಿಸುವವರಿಗಾಗಿ ಅಂತ ಬರೆದಿದ್ದಾನೆ. ಎರಡು ದನಿ ಸ್ಪಷ್ಟವಾಗಿ ನುಡಿಸಬೇಕು, ಹಾಡಿದ ಹಾಗೆ ನುಡಿಸಬೇಕು ಅನ್ನುವುದು ಅವನ ಆಸೆ. ನಮ್ಮಂಥವರಿಗೇ ಬರೆದದ್ದು ಅಂತ ನಾನು ತಗೊಂಡಿದ್ದೇನೆ. ನೋಟ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಬಾಖ್, ಶೂಮನ್, ಗ್ರೀಗ್ ಎಲ್ಲ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಮುಗಿಸಿದ ಪೀಸ್‌ಗಳನ್ನು ಕೈಬಿಡಬೇಡಿ. ಭಾನುವಾರ ಹಳೆಯದನ್ನು ಒಂದೊಂದು ಸಲ ನುಡಿಸಿ. ಮನೆಗೆ ಬಂದವರು ‘ಏನಾದ್ರೂ ನುಡಿಸಿ’ ಅಂದಾಗ ಪೂರ್ತಿ ನುಡಿಸಲು ನಾಲ್ಕು ಪೀಸ್ ಕೈಯಲ್ಲಿರಬೇಕು. ಗ್ರೇಡ್ ಪರೀಕ್ಷೆ ಬಗ್ಗೆಯೂ ಕೇಳಿದ್ದೀರಿ. ಗಡುವು ಇದ್ದರೆ ಕೂತು ನುಡಿಸುವವರಿಗೆ ಒಳ್ಳೆಯದು. ಆದರೆ ಬರೀ ಪರೀಕ್ಷೆಯ ಮೂರ್ನಾಲ್ಕು ಪೀಸ್‌ನಲ್ಲೇ ಇಡೀ ವರ್ಷ ಕಳೆಯಬೇಡಿ. ನಾನು ಐದನೇ ಗ್ರೇಡ್ ಆದ ಮೇಲೆ ನಿಲ್ಲಿಸಿದೆ.

ಒಂದು ಎಚ್ಚರಿಕೆ. ನಾಲ್ಕನೇ ವರ್ಷ ನಾನು ವಾರವಿಡೀ ಬಿಟ್ಟು ಭಾನುವಾರ ಒಂದೇ ಸಮ ಮೂರು ಗಂಟೆ ನುಡಿಸುತ್ತಿದ್ದೆ. ಬಲ ಮಣಿಕಟ್ಟು ನೋವು ಬಂದು ಎರಡು ತಿಂಗಳು ಪಿಯಾನೊ ಮುಟ್ಟಲಾಗಲಿಲ್ಲ. ನೋವು ಅಂದ ತಕ್ಷಣ ನಿಲ್ಲಿಸಿ. ಕೂರುವ ಎತ್ತರವನ್ನೂ ನೋಡಿ. ಮೊಣಕೈ ಹೆಚ್ಚುಕಡಿಮೆ ಕೀಗಳ ಮಟ್ಟಕ್ಕೆ ಬರಬೇಕು. ಊಟದ ಕುರ್ಚಿ ತಗ್ಗಾದರೆ ಗಟ್ಟಿ ದಿಂಬು ಹಾಕಿ. ನಿಮ್ಮದು 61 ಕೀಯ ಹಗುರ ಕೀಬೋರ್ಡ್ ಅಂದಿರಿ. ಅದರಲ್ಲಿ ಕಿರುಬೆರಳಿಗೆ ಬಲ ಬರುವುದಿಲ್ಲ, ಮೇಲಿನ ಸ್ವರಗಳೂ ಸಾಲುವುದಿಲ್ಲ. ದುಡ್ಡು ಕೂಡಿದಾಗ ಮೊದಲು 88 ಕೀಯ, ಭಾರದ ಕೀ ಇರುವ ಡಿಜಿಟಲ್ ಪಿಯಾನೊ ತಗೊಳ್ಳಿ. ಹೆಡ್‌ಫೋನ್ ಹಾಕಿದರೆ ಬೆಳಗಿನ ಜಾವ ಐದಕ್ಕೂ ನುಡಿಸಬಹುದು.

ಮನೆಯವರ ಮಾತಿಗೆ ಬಂದರೆ, ನಾನು ಮೈಸೂರಿನವಳು, ಹಾಗಾಗಿ ಇದನ್ನು ಹೇಳಲೇಬೇಕು. ಜಯಚಾಮರಾಜ ಒಡೆಯರ್ ಪಿಯಾನೊ ನುಡಿಸುತ್ತಿದ್ದರು. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ, ಕೇಳುವವರು ಕಡಿಮೆಯಾಗಿ ಇದ್ದಾಗ, ಅವನ ಸಂಗೀತದ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾನೆ. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಎರಡೂ ಅವರದೇ ಆಗಿತ್ತು. ನಿಮಗೂ ಹಾಗೇ.

ಫ್ಯೂರ್ ಎಲೀಸ್ ಬಿಡಬೇಡಿ, ಅದು ನಿಮ್ಮ ಕೈಗೆ ಹತ್ತಿರ ಇದೆ. ಆ ಕ್ರೋಮ್ಯಾಟಿಕ್ ಬಾರ್‌ಗಳನ್ನು ಒಂದು ವಾರ ಬೀಜ ಇಟ್ಟು ಮಾಡಿ. ಮುಂದಿನ ಭಾನುವಾರ ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಬೆರಳು ಕಾಣುವ ಹಾಗೆ. ಎಷ್ಟು ನಿಧಾನ ಇದ್ದರೂ ಪರವಾಗಿಲ್ಲ.