ಆಟಿಕೆಯ ಸಿನಿಮಾ ದೊಡ್ಡವರಿಗೂ ರುಚಿಸುವುದೇ?

ಪ್ರಶ್ನೆ: ಮಗನಿಗೆ 'ದಿ ಲೆಗೊ ಮೂವಿ' ಹಾಕಿಕೊಟ್ಟರೆ ನಾನೂ ಕೂತು ನೋಡಬಹುದೇ? ಅದು ಲೆಗೊ ಎಂಬ, ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆ ಆಟಿಕೆಗಳ ಬರೀ ಜಾಹೀರಾತಲ್ಲವೇ?

ಉತ್ತರ: ಧಾರಾಳವಾಗಿ ನೋಡಿ. ಜಾಹೀರಾತು ಹೌದು, ಆದರೆ ಅದು ತನಗೇ ಗೊತ್ತಿದ್ದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತದೆ. ಫಿಲ್ ಲಾರ್ಡ್ ಮತ್ತು ಕ್ರಿಸ್ಟೊಫರ್ ಮಿಲ್ಲರ್ 2014ರಲ್ಲಿ ತೆರೆಗೆ ತಂದ ಈ ಚಿತ್ರದ ನಾಯಕ ಎಮೆಟ್ ಕಟ್ಟಡ ಕೆಲಸದವನು. ಸೂಚನಾ ಪುಸ್ತಕವಿಲ್ಲದೆ ಅವನಿಗೆ ಬೆಳಗಾಗುವುದಿಲ್ಲ. ಲೋಕ ಉಳಿಸುವವನು ನೀನೇ ಎಂಬ ಭವಿಷ್ಯವಾಣಿಯನ್ನು ಅವನ ತಲೆಗೆ ಕಟ್ಟಿ, ಅಂಥ ಭವಿಷ್ಯವಾಣಿಗಳ ಮೇಲೆ ನಿಂತ ಸಾಹಸಕಥೆಗಳನ್ನೆಲ್ಲ ಲೇವಡಿ ಮಾಡುತ್ತಾರೆ.

ಸಣ್ಣಪುಟ್ಟದ್ದರಲ್ಲೇ ಮಜಾ ಇದೆ. ಎಲ್ಲವೂ ಬಹುಪಾಲು ಕಂಪ್ಯೂಟರಿನಲ್ಲಿ ಮಾಡಿದ್ದಾದರೂ ಆಟಿಕೆಗಳ ಮೇಲೆ ಗೀರುಗಳಿವೆ, ಬೆರಳ ಗುರುತುಗಳಿವೆ. ಸಮುದ್ರದ ಅಲೆಗಳೂ ಪುಟ್ಟ ಇಟ್ಟಿಗೆಗಳೇ. ನೀಲಿ ಗಗನಯಾತ್ರಿಯ ಹೆಲ್ಮೆಟ್ ಗಲ್ಲದ ಬಳಿ ಸೀಳಿದೆ. 1980ರ ದಶಕದ ಆ ಆಟಿಕೆ ಮಕ್ಕಳ ಕೈಯಲ್ಲಿ ಅಲ್ಲಿಯೇ ಮುರಿಯುತ್ತಿತ್ತು.

ಕಥೆಯ ಗುಟ್ಟು ಬೇಡವಾದರೆ ಇಲ್ಲಿಗೆ ನಿಲ್ಲಿಸಿ. ಖಳನ ಆಯುಧ ಅಂಟು. ಈ ಆಟಿಕೆಗಳೊಂದಿಗೆ ಆಡುವ ನಿಜವಾದ ಹುಡುಗನೊಬ್ಬನಿದ್ದಾನೆ, ಅವನು ಮುಟ್ಟಿ ಕೆಡಿಸಬಾರದೆಂದು ಅವನ ಅಪ್ಪನೇ ಎಲ್ಲವನ್ನೂ ಅಂಟಿಸಲು ಹೊರಟಿದ್ದಾನೆ ಎಂಬುದು ಕೊನೆಗೆ ಬಯಲಾಗುತ್ತದೆ. ಕೊಪ್ಪಳದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಿನ್ನಾಳದ ಬಣ್ಣದ ಗೊಂಬೆ ತಂದು, ಗಾಜಿನ ಕಪಾಟಿನಲ್ಲಿಟ್ಟು, ಮಕ್ಕಳ ಕೈ ತಡೆಯುವವರು ನಾವೇ ತಾನೇ! ಖಳನಿಗೆ ದನಿ ಕೊಟ್ಟ ವಿಲ್ ಫೆರೆಲ್ ಅವರೇ ಅಪ್ಪನೂ ಆಗಿದ್ದಾರೆ. ಮಗ ಪಕ್ಕದಲ್ಲಿದ್ದರೆ ಆ ದೃಶ್ಯದಲ್ಲಿ ನಗುವುದು ತುಸು ಕಷ್ಟ.